ಬಂಜಿಬೇನೆಯಿಂದ ಕಲಿತದ್ದು

ನನ್ನ ಕೈಬರಹವನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದಾರೆ: ನನ್ನ ಕ್ಲಿನಿಕ್ಕಿನ ಪಕ್ಕದ ಮೆಡಿಕಲ್ ಶಾಪಿನ ಕಾಮತರು. ಒಮ್ಮೆ ಹಳೆಯ ಚೀಟಿಯೊಂದರಲ್ಲಿ ನಾನೇ ಬರೆದದ್ದು ನನಗೇ ತಿಳಿಯದೆ ಅದನ್ನು ಹಿಡಿದುಕೊಂಡು ಅವರ ಬಳಿಗೆ ಹೋಗಿದ್ದೆ. ಅವರು ಕನ್ನಡಕ ಏರಿಸಿ ಓದಿ ಹೇಳಿದರು, ನಗಲಿಲ್ಲ. ಆ ಸೌಜನ್ಯವನ್ನು ನಾನು ಮರೆತಿಲ್ಲ.

ವಾಮದಪದವಿನಲ್ಲಿ ಕ್ಲಿನಿಕ್ ಇಟ್ಟು ಇಪ್ಪತ್ತಾರು ವರ್ಷವಾಯಿತು. ಇಷ್ಟು ಕಾಲ ರೋಗಿಗಳು ನೋಡಿದ್ದು ನನ್ನ ಮುಖಕ್ಕಿಂತ ಹೆಚ್ಚಾಗಿ ನೆತ್ತಿಯನ್ನು. ಅವರು ಹೇಳುತ್ತಿದ್ದರು, ನಾನು ತಲೆ ತಗ್ಗಿಸಿ ಗೀಚುತ್ತಿದ್ದೆ. ಅಲ್ಲಿ ಕೂದಲು ಕಡಿಮೆಯಾಗುತ್ತ ಬಂದ ಚರಿತ್ರೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಹೋದ ವರ್ಷ, ಮೂಡುಬಿದಿರೆಯಲ್ಲಿ ಡಾಕ್ಟರಾಗಿರುವ ನನ್ನ ಮಗಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಡಾಕ್ಟರೂ ರೋಗಿಯೂ ಆಡುವ ಮಾತನ್ನು ಕೇಳಿಸಿಕೊಂಡು ಕೃತಕ ಬುದ್ಧಿಮತ್ತೆಯಿಂದ ತಾನೇ ಟಿಪ್ಪಣಿ ಬರೆಯುವ ಸಾಧನ ಅದು. “ಅಪ್ಪ, ರೋಗಿಯ ಒಪ್ಪಿಗೆ ಕೇಳಿ, ಫೋನು ಮೇಜಿನ ಮೇಲಿಟ್ಟು ಮಾತಾಡಿ. ಬರೆದದ್ದನ್ನು ಮಾತ್ರ ಒಮ್ಮೆ ಓದಿ ನೋಡಿ,” ಎಂದಳು. ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ದಿನವೇ ದೂಜಪ್ಪ ಶೆಟ್ಟರು ಬಂದರು. ಎಪ್ಪತ್ತು ದಾಟಿದವರು, ಐದು ಮಕ್ಕಳ ತಂದೆ. ಊರಿನ ಎಲ್ಲರಂತೆ ತುಳುವಿನಲ್ಲಿ “ಬಂಜಿಬೇನೆ” ಎಂದರು. ಬಂಜಿ ಎಂದರೆ ಹೊಟ್ಟೆ. ಯಂತ್ರಕ್ಕೆ ಕನ್ನಡ ಬರುತ್ತದೆ, ತುಳು ಬರುವುದಿಲ್ಲ. ಅದು ತನಗೆ ತಿಳಿದ ಮಟ್ಟಿಗೆ ಯೋಚಿಸಿ, “ರೋಗಿಗೆ ಬಂಜೆತನದ ವೇದನೆ ಇದೆ” ಎಂದು ಬರೆಯಿತು. ನಾನು ಓದದೆ ಮುದ್ರಿಸಿ ಕೊಟ್ಟೆ. ಅರ್ಧ ಗಂಟೆಯಲ್ಲಿ ಶೆಟ್ಟರು ವಾಪಸ್ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು.

“ಡಾಕ್ಟ್ರೇ, ಐದು ಮಕ್ಕಳು ಸಾಕಾಗ್ಲಿಲ್ವಾ ನಿಮಗೆ?” ಎಂದು ಶಾಂತವಾಗಿ ಕೇಳಿದರು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಟಿಪ್ಪಣಿಯನ್ನು ರೋಗಿಯ ಎದುರೇ ಗಟ್ಟಿಯಾಗಿ ಓದುವುದು, ಅವರು ಸರಿ ಎಂದ ಮೇಲೆಯೇ ಮುಂದಿನ ಕೆಲಸ.

ಹೀಗಿರುವಾಗ ಬೀಪಾತುಮ್ಮ ಬಂದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ನನ್ನಲ್ಲೇ ಮದ್ದು ಮಾಡುವವರು. ಇನ್ನು ಮೂರು ವಾರದಲ್ಲಿ ತಂಗಿಯ ಜೊತೆ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಡಬೇಕಿತ್ತು. ಆದರೆ ಎರಡು ವಾರದಿಂದ ಬೆಳಿಗ್ಗೆ ತಲೆ ತಿರುಗುವುದು, ಮೈ ಬೆವರುವುದು, ಕೈ ನಡುಗುವುದು. ದುಬೈಯಲ್ಲಿರುವ ಮಗ, ಮೊದಲು ತಲೆಯ ಸ್ಕ್ಯಾನ್ ಆಗಲಿ, ಯಾತ್ರೆ ಆಮೇಲೆ ನೋಡುವ ಎಂದಿದ್ದ. ಅವರ ಕಣ್ಣಲ್ಲಿ ನೀರಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ನೋಡಿದಾಗ ಸಕ್ಕರೆಯೂ ರಕ್ತದೊತ್ತಡವೂ ಸರಿಯಾಗಿಯೇ ಇದ್ದವು. ಮಂಗಳೂರಿಗೆ ಕಳಿಸುವುದೇ ಒಳ್ಳೆಯದೆಂದು ನನಗೂ ಅನ್ನಿಸಿತು.

ಯಾವಾಗಲೂ ತುಳುವಿನಲ್ಲಿ ಮಾತಾಡುವ ನಾವಿಬ್ಬರೂ ಅಂದು ಯಂತ್ರಕ್ಕೋಸ್ಕರ ಶಾಲೆಯ ಕನ್ನಡಕ್ಕೆ ಬಂದಿದ್ದೆವು, ಎದುರಿಗೆ ಶಾಲಾ ಇನ್ಸ್‌ಪೆಕ್ಟರು ಕೂತಿದ್ದಾರೋ ಎಂಬಂತೆ. ಮಾತು ಮುಗಿದ ಮೇಲೆ ನಾನು ಓದಿದೆ: “ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ತಿಂಡಿ ತಿನ್ನುತ್ತಾರೆ. ನಂತರ ನಡೆಯಲು ಹೋಗುತ್ತಾರೆ.”

“ತಿಂಡಿ ಅಂತ ನಾನು ಹೇಳ್ಲಿಲ್ಲ,” ಎಂದರು ಬೀಪಾತುಮ್ಮ.

“ಮತ್ತೆ?”

“ಮಾತ್ರೆ ತಿಂದು ನಡೀಲಿಕ್ಕೆ ಹೋಗ್ತೇನೆ ಅಂತ ಹೇಳಿದ್ದು. ತಿಂಡಿ, ನಡೆದು ಬಂದ ಮೇಲೆ.”

“ಎಷ್ಟು ಹೊತ್ತು ನಡೀತೀರಿ?”

“ಈಗ ಒಂದು ಗಂಟೆ. ಅಲ್ಲಿ ಕಾಬಾಕ್ಕೆ ಏಳು ಸುತ್ತು ಬರ್ಲಿಕ್ಕೆ ಉಂಟಲ್ಲ ಡಾಕ್ಟ್ರೇ. ಕಾಲಿಗೆ ಅಭ್ಯಾಸ ಆಗಲಿ ಅಂತ ಎರಡು ವಾರದಿಂದ ಶುರು ಮಾಡಿದ್ದೇನೆ.”

ನಾನು ಕುರ್ಚಿಗೆ ಒರಗಿದೆ. ಸಕ್ಕರೆ ಇಳಿಸುವ ಮಾತ್ರೆ, ಖಾಲಿ ಹೊಟ್ಟೆ, ಅದರ ಮೇಲೆ ಒಂದು ಗಂಟೆಯ ನಡಿಗೆ. ತಲೆ ತಿರುಗದೆ ಇನ್ನೇನಾದೀತು. ಮಾತ್ರೆಯ ಪ್ರಮಾಣ ಇಳಿಸಿದೆ. ಮಾತ್ರೆಯ ಜೊತೆಗೇ ತಿಂಡಿ, ತಿಂಡಿ ಆದ ಮೇಲೆ ನಡಿಗೆ, ಸೆರಗಿನಲ್ಲಿ ಒಂದು ತುಂಡು ಬೆಲ್ಲ ಎಂದೆ. ಮಗನಿಗೆ ಫೋನಿನಲ್ಲಿ ನಾನೇ ವಿವರಿಸಿದೆ. ವಾರದ ನಂತರ ಬಂದಾಗ ತಲೆ ತಿರುಗುವುದು ನಿಂತಿತ್ತು. ಅವರು ಹೋದರು, ಏಳು ಸುತ್ತು ಬಂದರು, ನನಗೂ ಕಾಮತರಿಗೂ ಖರ್ಜೂರ ತಂದುಕೊಟ್ಟರು. ತಂಗಿಯೇ ದಣಿದು ಎರಡು ಕಡೆ ಕೂತಳಂತೆ, ಇವರು ಕೂರಲಿಲ್ಲವಂತೆ.

ಮಗಳಿಗೆ ಈ ಕತೆ ಹೇಳಿದಾಗ, “ಹಾಗಾದರೆ ಯಂತ್ರ ತಪ್ಪು ಮಾಡಿತಲ್ಲ,” ಎಂದಳು. ಮಾಡಿತು. ಮಾತ್ರೆ ತಿಂದವರು ತಿಂಡಿಯನ್ನೂ ತಿನ್ನುತ್ತಾರೆ ಎಂದು ಒಳ್ಳೆಯ ಮನಸ್ಸಿನಿಂದ ಊಹಿಸಿಕೊಂಡಿತು. ಹತ್ತು ವರ್ಷ ನಾನು ಊಹಿಸಿಕೊಂಡದ್ದೂ ಅದನ್ನೇ. ವ್ಯತ್ಯಾಸವಿಷ್ಟೇ: ನನ್ನ ಊಹೆಗಳನ್ನು ಕಾಮತರ ಹೊರತು ಯಾರೂ ಓದಲಾರದ ಲಿಪಿಯಲ್ಲಿ ಭದ್ರವಾಗಿ ಇಟ್ಟಿದ್ದೆ. ಎಷ್ಟು ಬೀಪಾತುಮ್ಮಂದಿರು ತಿದ್ದಬಹುದಾಗಿದ್ದ ಎಷ್ಟು ತಪ್ಪುಗಳು ಆ ಚೀಟಿಗಳಲ್ಲಿವೆಯೋ.

ಮೊನ್ನೆ ಬೀಪಾತುಮ್ಮ ನೆರೆಮನೆಯ ಗಿರಿಜಕ್ಕನನ್ನು ಕರೆದುಕೊಂಡು ಬಂದಿದ್ದರು. ಮೊಣಕಾಲು ನೋವು. ಪರೀಕ್ಷೆ ಮಾಡಿ, ಟಿಪ್ಪಣಿ ಓದಿದೆ. ಗಿರಿಜಕ್ಕ ಸಂಕೋಚದಿಂದ, “ಎಲ್ಲ ಸರಿ ಉಂಟು,” ಎಂದರು.

“ಸುಮ್ಮನೆ ಸರಿ ಅಂತ ಹೇಳ್ಬೇಡಿ,” ಎಂದರು ಬೀಪಾತುಮ್ಮ. “ಸರಿಯಾಗಿ ಕೇಳಿ. ಡಾಕ್ಟ್ರು ಬೇಜಾರು ಮಾಡ್ಲಿಕ್ಕಿಲ್ಲ.”

ನಾನು ಇನ್ನೊಮ್ಮೆ ಓದಿದೆ. ಗಿರಿಜಕ್ಕ ಸ್ವಲ್ಪ ಯೋಚಿಸಿ, “ಬಲಗಾಲು ಅಂತ ಬರೆದಿದೆಯಲ್ಲ. ನೋವು ಎಡಗಾಲಲ್ಲಿ,” ಎಂದರು.

ಯಂತ್ರವನ್ನು ಬೈಯೋಣವೆಂದು, ಅದು ದಾಖಲಿಸಿಟ್ಟಿದ್ದ ನಮ್ಮ ಮಾತನ್ನೆಲ್ಲ ತೆರೆದು ನೋಡಿದೆ. ಅದು ಕೇಳಿದ್ದನ್ನೇ ಬರೆದಿತ್ತು. ಎಡಗಾಲನ್ನು ಹಿಡಿದುಕೊಂಡು ಬಲಗಾಲು ಎಂದು ಸ್ಪಷ್ಟವಾಗಿ ಹೇಳಿದವನು ನಾನೇ.