ರೆಫರಿ ಕೂಗಿದ 'ಪನ್ನೆಂಡು'

ಫೆಬ್ರವರಿ ಹದಿನಾರು, ಸಂಜೆ ನಾಲ್ಕೂ ನಲವತ್ತು. ಮೂರು ವರ್ಷದ ಹಿಂದೆ ಚಿಂತಾಮಣಿಯಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ಶುರುವಾದ ಹೊತ್ತು ನನ್ನ ಡೈರಿಯಲ್ಲಿ ಹೀಗಿದೆ. ಇಲ್ಲದ ದನಿ ಕೇಳಿಸಿತು ಎನ್ನುವವರನ್ನು ಅದುವರೆಗೆ ನಾನು ನಂಬಿದವಳಲ್ಲ. ಏನನ್ನೂ ಬರೆದಿಡದವರ ಕಥೆ ಅದು ಅಂದುಕೊಂಡಿದ್ದೆ.

ಸ್ಕೋರ್ ಬರೆಯುವವಳು ನಾನು. ಫೌಲ್ ಆದರೆ ರೆಫರಿ ನಮ್ಮ ಮೇಜಿನ ಮುಂದೆ ಬಂದು ಆಟಗಾರ್ತಿಯ ನಂಬರ್ ಕೂಗಿ, ಬೆರಳಲ್ಲೂ ತೋರಿಸುತ್ತಾರೆ. ಅಂದಿನ ರೆಫರಿ ಗೌರಿಬಿದನೂರಿನವರು, ಆಟದ ಬಿಸಿಯಲ್ಲಿ ತೆಲುಗಿಗೆ ಜಾರುವವರು. ಹನ್ನೆರಡು ಅವರ ಬಾಯಲ್ಲಿ ಪನ್ನೆಂಡು. ಅಂದು ಅವರ ಗಂಟಲು ಪೂರ್ತಿ ಕಟ್ಟಿತ್ತು. 'ಇವತ್ತು ಬರೀ ಬೆರಳು' ಎಂದು ಚೀಟಿ ತೋರಿಸಿದ್ದರು. ಇಪ್ಪತ್ತೇಳು ಫೌಲುಗಳನ್ನು ಬೆರಳು ನೋಡಿಯೇ ಬರೆದೆ.

ಇಪ್ಪತ್ತೆಂಟನೆಯ ಫೌಲಿಗೆ ಅವರು ಸೀಟಿ ಊದಿದಾಗ ನಾನು ತಲೆ ತಗ್ಗಿಸಿ ಪಾಯಿಂಟ್ ತುಂಬುತ್ತಿದ್ದೆ. "ಪನ್ನೆಂಡು." ಅವರದೇ ದನಿ. ಬರೆದೆ. ಹನ್ನೆರಡನೇ ನಂಬರಿಗೆ ಅದು ಐದನೆಯ ಫೌಲ್, ಐದಾದರೆ ಹೊರಗೆ. ಐದಾಯಿತೆಂದು ತಿಳಿಸುವ ಬಾವುಟ ಎತ್ತಿದೆ. ಜಿಲ್ಲಾ ತಂಡಕ್ಕೆ ಆರಿಸುವವರು ಎದುರೇ ಕೂತಿದ್ದರು. ದಿಬ್ಬೂರಹಳ್ಳಿಯ ಆ ಹುಡುಗಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಆ ದನಿ ಬಂದಾಗ ಅವಳು ಮೇಜಿಗೆ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದಳು.

"ಅಕ್ಕ, ನಾನು ಮುಟ್ಟೇ ಇಲ್ಲ ಅಕ್ಕ."

"ಶೀಟಲ್ಲಿ ಐದಿದೆ ಕಣಮ್ಮ. ಹೋಗಿ ಕೂತ್ಕೊ."

"ಐದೂ ಮುಗಿಸ್ಕೊಂಡ್ಳು, ಪಾರ್ಸಲ್ ಕಟ್ರಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪಂದ್ಯ ಮುಗಿದು ಸಹಿಗೆ ಬಂದ ರೆಫರಿ ಶೀಟು ನೋಡಿ ಚೀಟಿಯಲ್ಲಿ ಬರೆದರು: 'ನಾನು ತೋರಿಸಿದ್ದು ಹನ್ನೊಂದು. ನಿಮ್ಮ ಬಾವುಟ ನೋಡಿ ನನ್ನ ಬೆರಳೇ ತಪ್ಪಿತೇನೋ ಅಂದುಕೊಂಡೆ.'

"ನೀವೇ ಕೂಗಿದ್ರಲ್ಲ ಸಾರ್, ಪನ್ನೆಂಡು ಅಂತ."

ಅವರು ಗಂಟಲು ಮುಟ್ಟಿಕೊಂಡು ನನ್ನನ್ನೇ ನೋಡಿದರು. ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದ ನಸ್ರೀನ್, "ಅವ್ರೆಲ್ಲಿ ಕೂಗಿದ್ರು? ಬಾಯೇ ಬಿಟ್ಟಿಲ್ಲ ಕಣೇ" ಎಂದಳು.

ರೆಫರಿ ಪೆನ್ನು ಚಾಚಿದರು, ತಿದ್ದಿ ಎಂಬಂತೆ. ಅದುವರೆಗೆ ನಾನು ಬರೆದ ನಲವತ್ತೊಂದು ಶೀಟುಗಳಲ್ಲಿ ಒಂದು ತಿದ್ದುಪಡಿಯೂ ಇರಲಿಲ್ಲ. ಪೆನ್ನು ತೆಗೆದುಕೊಳ್ಳಲಿಲ್ಲ. ಅವರು ಸಹಿ ಹಾಕಿದರು. ಇಪ್ಪತ್ತು ನಿಮಿಷದ ಮೇಲೆ ಆರಿಸುವವರು ಜಿಲ್ಲಾ ತಂಡದ ಪಟ್ಟಿ ಓದಿದರು, ದಿಬ್ಬೂರಹಳ್ಳಿಯ ಹುಡುಗಿಯ ಹೆಸರಿರಲಿಲ್ಲ.

ತಪ್ಪು ಕೇಳಿಸಿಕೊಂಡೆ ಎನ್ನೋಣವೆಂದರೆ, ಯಾರಾದರೂ ಏನಾದರೂ ಅಂದಿರಬೇಕಲ್ಲ. ನನಗಂತೂ ತೆಲುಗಿನಲ್ಲಿ ಎಣಿಸಿ ಅಭ್ಯಾಸವಿಲ್ಲ. ಸ್ಕೋರ್ ಮೇಜಿನಲ್ಲಿ ಕೂತು ಇಂಥ ದನಿ ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ. ಆ ಹನ್ನೆರಡನೇ ನಂಬರಿನವಳು ಇದನ್ನು ಓದಿದರೆ ಅವಳೂ ಬರೆಯಲಿ. ಬೈದೇ ಬರೆಯಲಿ. ಎರಡು ಹೆಜ್ಜೆ ದೂರದಲ್ಲಿದ್ದ ಅವಳಿಗೆ ಅದು ಕೇಳಿಸಿತ್ತೇ ಎಂಬುದನ್ನು ಮಾತ್ರ ತಿಳಿಸಲಿ.