ಆಯುಧಪೂಜೆಗೆ ಆರಿದ ಕುಲುಮೆ

"ಕುಲುಮೆ ಕಾದೂ ಕಾದೂ ಮದುವೆ ವಯಸ್ಸೂ ಹೋಯ್ತು" ಅನ್ನುವುದು ಗಿರಿಜಾಂಬಾ ಬಗ್ಗೆ ಲಕ್ಷ್ಮೀಪುರಂನ ಆ ಬೀದಿಯವರ ಮಾತು. ಎದುರುಮನೆ ಪ್ರೇಮಮ್ಮ ಇನ್ನೂ ಒಂದು ಕೈ ಮೇಲೆ. "ಅಯಸ್ಕಾಂತ ಮಾಡ್ತಾಳಂತೆ ಕಣ್ರೀ! ಸಂತೇಪೇಟೆ ಅಂಗಡೀಲಿ ಸಿಗಲ್ವಾ?"

ಗಿರಿಜಾಂಬಾ ಬೆಳಿಗ್ಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು, ಮಧ್ಯಾಹ್ನ ಡಾಕ್ಟರೇಟಿಗೆಂದು ಪ್ರಯೋಗಾಲಯ ಸೇರುವವರು. ಟ್ಯಾಂಟಲಂ ಎಂಬ ಲೋಹ, ಗಂಧಕ, ಚೂರು ಕಬ್ಬಿಣ ಇಷ್ಟನ್ನೂ ಕೊಳವೆಯೊಳಗೆ ಮುಚ್ಚಿ ವಿದ್ಯುತ್ ಕುಲುಮೆಗಿಟ್ಟರೆ ಕೆಲವು ದಿನಕ್ಕೆ ಕಪ್ಪು ಹರಳು ಬೆಳೆಯುತ್ತದೆ. ಚಿರೋಟಿಯಂತೆ ಪದರಪದರ. ಆ ಪದರಗಳ ಸಂದಿನಲ್ಲಿ ಕಬ್ಬಿಣದ ಪರಮಾಣುಗಳು ಸಾಲುಗಟ್ಟಿ ಕೂತರೆ, ಕೊರೆಯುವ ಚಳಿಯಲ್ಲಿ ಹರಳು ಗಟ್ಟಿ ಅಯಸ್ಕಾಂತವಾಗಬೇಕು. ಆಗುತ್ತಿರಲಿಲ್ಲ.

ತೊಂಬತ್ತೆಂಟರ ದಸರೆಗೆ ಮುಂಚೆ ಗೈಡ್ ಗುರುಸಿದ್ದಯ್ಯನವರು ಕರೆದು ಹೇಳಿದರು: "ಡಿಸೆಂಬರಿಗೆ ನಿಮ್ಮ ಅವಧಿ ಮುಗೀತದೆ ಕಣಮ್ಮ. ಟ್ಯಾಂಟಲಂ ಕೂಡ ಇದೇ ಕೊನೆ. ಈ ಸಲ ಆಗಲಿಲ್ಲಾಂದ್ರೆ ಬುಟ್ಬುಡಿ."

ಕೊನೆಯ ಕೊಳವೆ ಕುಲುಮೆ ಸೇರಿತು. ಕೆಂಪಗೆ ಕಾದ ಕೊಳವೆಯನ್ನು ತೆಗೆದು ತಟ್ಟನೆ ನೀರಿಗೆ ಅದ್ದುವುದು ಗಿರಿಜಾಂಬಾ ಕಲಿತ ಕ್ರಮ. ದಿನ ತುಂಬಿ ಅದ್ದಲೆಂದು ಹೋದರೆ, ಕುಲುಮೆಯ ಸ್ವಿಚ್ ಆಫ್ ಆಗಿದೆ, ಬಾಗಿಲಿಗೆ ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ!

"ಲೋಕೇಶ, ಏನೋ ಇದು?"

"ಆಯುಧಪೂಜೆ ಅಲ್ವರಾ ಮೇಡಂ," ಎಂದ ಪ್ರಯೋಗಾಲಯದ ಮೆಕ್ಯಾನಿಕ್ ಲೋಕೇಶ. "ಪೂಜೆ ಆಗೋಯ್ತು. ವಿಜಯದಶಮಿ ಕಳೆಯೋಗಂಟ ಮುಟ್ಟಂಗಿಲ್ಲ."

"ನನ್ನ ಹರಳು ಒಳಗಿದೆಯಲ್ಲೋ!"

"ಅದೂ ಪೂಜೆ ಮಾಡಿಸ್ಕೊಳ್ಳಲಿ ಬುಡಿ."

ಜಗಳವಾಡಬಹುದಿತ್ತು. ಆದರೆ ಮನೆಯಲ್ಲಿ ಪೂಜೆಗಿಟ್ಟ ಕತ್ತರಿಯನ್ನೂ ಮುಟ್ಟದೆ ಬೆಳೆದ ಹೆಣ್ಣು, ಕೈ ಮುಂದಾಗಲಿಲ್ಲ. ದಸರೆ ಮೆರವಣಿಗೆಗೆ ಊರೆಲ್ಲ ಹೋದಾಗ ಗಿರಿಜಾಂಬಾ ಮಾತ್ರ ಗೋಡೆ ನೋಡುತ್ತ ಕೂತಿದ್ದರು.

ಹಬ್ಬ ಕಳೆದು, ಕುಲುಮೆಯ ಇಟ್ಟಿಗೆ ಗೂಡಿನಲ್ಲೇ ನಿಧಾನವಾಗಿ ಆರಿದ ಹರಳುಗಳನ್ನು ಒಲ್ಲದ ಮನಸ್ಸಿನಿಂದಲೇ ಎಕ್ಸ್-ರೇಗೆ ಹಿಡಿದರು. ಚಿತ್ರದಲ್ಲಿ ಹಿಂದೆಂದೂ ಕಾಣದ ಚುಕ್ಕಿಗಳು! ಪರಮಾಣುಗಳು ಸಾಲಾಗಿ ಕೂತರೇ ಬೀಳುವ ಗುರುತು ಅದು; ಕಬ್ಬಿಣ ಸಾಲು ಕಟ್ಟಿತ್ತು. ಮಠದ ದಾಸೋಹದಲ್ಲಿ ಬಾಗಿಲು ಒಮ್ಮೆಲೇ ತೆಗೆದರೆ ಜನ ನುಗ್ಗಿ ಸಿಕ್ಕಲ್ಲಿ ಕೂರುತ್ತಾರೆ. ಒಬ್ಬೊಬ್ಬರನ್ನೇ ಬಿಟ್ಟರೆ ಪಂಕ್ತಿ ತಾನಾಗಿ ಆಗುತ್ತದೆ. ಇಷ್ಟು ವರ್ಷ ನೀರಿಗದ್ದಿ ತಾವೇ ಪಂಕ್ತಿ ಕೆಡಿಸಿದ್ದರು.

ಅದೃಷ್ಟ ಅಂತ ಬಿಡುವವರಲ್ಲ ಗಿರಿಜಾಂಬಾ. ಆ ಹರಳುಗಳಲ್ಲಿ ಅರ್ಧವನ್ನು ಮತ್ತೆ ಕಾಯಿಸಿ ನೀರಿಗೆ ಅದ್ದಿದರು, ಚುಕ್ಕಿ ಮಾಯ. ಅವನ್ನೇ ಮತ್ತೆ ಕಾಯಿಸಿ ನಿಧಾನಕ್ಕೆ ಆರಿಸಿದರು, ಚುಕ್ಕಿ ಹಾಜರ್.

ಆಮೇಲೆ ಒಂದು ಹರಳನ್ನು ದಾರಕ್ಕೆ ಕಟ್ಟಿ, ಪಕ್ಕದಲ್ಲಿ ದೊಡ್ಡ ಅಯಸ್ಕಾಂತ ಇಟ್ಟು, ಕೊರೆಯುವ ಚಳಿ ತರಲು ಹೊಗೆಯಾಡುವ ದ್ರವ ಸಾರಜನಕ ಸುರಿದರು. ಹರಳು ಒಮ್ಮೆ ನಡುಗಿತು. ಗಕ್ಕನೆ ತಿರುಗಿ ಅಯಸ್ಕಾಂತಕ್ಕೆ ಮುಖ ಕೊಟ್ಟು ನಿಂತೇಬಿಟ್ಟಿತು.

"ಆಯ್ತು ಸಾರ್!" ಗಿರಿಜಾಂಬಾ ಕೂಗಿದ್ದು ಹೊರಗಿನ ಮರದ ಕಾಗೆಗಳನ್ನೂ ಎಬ್ಬಿಸಿತು. ಗುರುಸಿದ್ದಯ್ಯನವರು ಕನ್ನಡಕ ಒರೆಸಿಕೊಂಡು, "ಇನ್ನೊಂದ್ಸಲ ಸುರೀರಮ್ಮ, ಕಣ್ತುಂಬ ನೋಡ್ತೀನಿ" ಅಂದರು.

ಡಿಸೆಂಬರಿನೊಳಗೆ ಪ್ರಬಂಧ ಒಪ್ಪಿಸಿದರು, ಮುಂದಿನ ವರ್ಷ ಡಾಕ್ಟರೇಟ್ ಬಂತು. ಎರಡು ಸಾವಿರದ ಇಸವಿಯಲ್ಲಿ ಬೇರೆ ಊರಿನ ವಿಶ್ವವಿದ್ಯಾನಿಲಯದಿಂದ ಕರೆ ಬಂತು: ಇಲ್ಲೊಂದು ಪ್ರಯೋಗಾಲಯ ಹೊಸದಾಗಿ ಕಟ್ಟಿರಿ, ಯಜಮಾನಿಕೆ ನಿಮ್ಮದೇ.

ಲಾರಿಗೆ ಸಾಮಾನು ಏರಿಸಿದ ದಿನ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಪ್ರೇಮಮ್ಮ ಮಡಿಲಿಗೆ ಅಕ್ಕಿ, ಕೊಬ್ಬರಿ ತುಂಬಿ, "ನಮ್ಮ ಬೀದಿ ಹೆಸರು ಹೇಳು ಕಣಮ್ಮ ಅಲ್ಲಿ" ಎಂದರು. ಗಿರಿಜಾಂಬಾ ಮನೆಗೆ ಬೀಗ ಹಾಕಿ, ಕೀಲಿಯನ್ನು ಮಾಲೀಕರ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರೈವರ್ ಪಕ್ಕದ ಸೀಟಿಗೆ ತಾವೇ ಹತ್ತಿ ಕೂತರು.