ಪಚ್ಚಕರ್ಪೂರ ಹೇಳಿದ ಸುಳ್ಳು

ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ನನ್ನ ಮಗಳ ಮಗಳು ತಿರುವನಂತಪುರದಲ್ಲಿ ಡಾಕ್ಟರ್ ಓದುತ್ತಾಳೆ! ಕಾಲೇಜಿನ ಪ್ರದರ್ಶನದಲ್ಲಿ, ನಾವು ಉಸಿರಾಡುವುದು ಮಿದುಳಿಗೆ ಹೇಗೆ ತಿಳಿಯುತ್ತದೆ ಎಂದು ಬಂದವರಿಗೆಲ್ಲ ಅವಳೇ ವಿವರಿಸುತ್ತಾಳೆ ಎಂದು ಗೊತ್ತಾದ ದಿನ, ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳಿದೆ. ನನಗೆ ಮಲಯಾಳ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಎಲ್ಲರೂ ನಕ್ಕರು.

ಮಗಳು ಮಾತ್ರ, ಉಬ್ಬಸದ ನನ್ನನ್ನು ಅದನ್ನು ನೋಡಲು ಕಳಿಸುವುದಕ್ಕೆ ಷರತ್ತು ಹಾಕಿದಳು. "ದಿನಾ ಎರಡು ಹೊತ್ತು ಇನ್ಹೇಲರ್ ತಗೊಂಡ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲೇ ಕೂತಿರು."

"ತಗೋತಾನೇ ಇದೀನಲ್ಲೇ," ಎಂದೆ.

ತಗೊಳ್ಳುತ್ತಿರಲಿಲ್ಲ. ಹಿಂದೊಮ್ಮೆ ಹಳೆಯದೊಂದನ್ನು ಎಳೆದುಕೊಂಡಾಗ ಏನೂ ಅನ್ನಿಸಿರಲಿಲ್ಲ. ನನ್ನ ನಂಬಿಕೆಯೆಲ್ಲ ಸೆರಗಿನ ತುದಿಯ ಗಂಟಿನಲ್ಲಿತ್ತು, ಪಚ್ಚಕರ್ಪೂರದಲ್ಲಿ. ಮದುವೆಯಾಗಿ ಹೊರಟಾಗ ಅವ್ವ ಕಟ್ಟಿಕೊಟ್ಟ ರೂಢಿ ಅದು. ಮೂಸಿದರೆ ನೆತ್ತಿಯವರೆಗೂ ತಣ್ಣನೆ ಗಾಳಿ ಹೊಕ್ಕ ಹಾಗಾಗುತ್ತದೆ.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದಾಗ ಮೊಮ್ಮಗಳು ಬ್ಯಾಗು ಕಿತ್ತುಕೊಂಡು, "ಲಿಫ್ಟ್ ಆ ಕಡೆ ಅಜ್ಜಿ," ಎಂದಳು. ನನಗೆ ಖುಷಿ ತಲೆಗೇರಿತ್ತು. ಗಂಟು ಮೂಸಿ ಮೆಟ್ಟಿಲನ್ನೇ ಹತ್ತಿದೆ. ಅರ್ಧಕ್ಕೆ ಕಾಲು ನಿಂತಿತು. ಮೂಗಿನ ತುಂಬ ತಂಪು, ಎದೆಯೊಳಗೆ ಏನೂ ಇಲ್ಲ. ಪಕ್ಕೆ ಎಳೆದೆಳೆದು ನೋಯುತ್ತಿತ್ತು. ಮತ್ತೆ ಮೂಸಿದೆ.

"ಮದಿ ಅಜ್ಜಿ, ಮದಿ!" ಗಾಬರಿಯಾದರೆ 'ಸಾಕು' ಅವಳ ಬಾಯಲ್ಲಿ ಮಲಯಾಳದಲ್ಲೇ ಬರುವುದು. ಅಲ್ಲೇ ಕೂರಿಸಿ, ಬ್ಯಾಗಿನಿಂದ ಇನ್ಹೇಲರ್ ತೆಗೆದವಳು ನನ್ನ ಮುಖ ನೋಡಿದಳು. "ಸೀಲೇ ಒಡೆದಿಲ್ಲ!"

ಅದನ್ನು ಒಡೆದು ಎರಡು ಸಲ ಎಳೆಸಿದಳು. ಮೂಗಿಗೆ ಏನೂ ಗೊತ್ತಾಗಲಿಲ್ಲ. ಆದರೆ ಕಾಲು ಗಂಟೆಯಲ್ಲಿ ಪಕ್ಕೆ ತಾನಾಗಿ ಸುಮ್ಮನಾಯಿತು.

"ನೋಡು, ತಂಪು ತಗುಲಿದ್ರೆ ಮೂಗಿನ ನರ ಮಿದುಳಿಗೆ 'ಗಾಳಿ ಬಂತು' ಅಂತ ಹೇಳತ್ತೆ. ಪಕ್ಕೆಲುಬಿನ ಮಧ್ಯದ ಸ್ನಾಯು 'ಇಷ್ಟು ಎಳೆದ್ರೂ ಎದೆ ಹಿಗ್ಗಲಿಲ್ಲ' ಅನ್ನತ್ತೆ. ನೀನು ಮೂಗಿನ ಮಾತೇ ಕೇಳ್ತಾ ಬಂದೆ."

"ಅಂದ್ರೆ ಇಷ್ಟು ವರ್ಷ ಕರ್ಪೂರ ನಂಗೆ ಸುಳ್ಳು ಹೇಳ್ತಿತ್ತೇನೇ?"

"ನೀನು ಅಮ್ಮಂಗೆ ಹೇಳ್ದಂಗೇ."

ಚುರುಕ್ಕೆಂದಿತು. "ಅವಳಿಗೆ ಹೇಳ್ಬೇಡ ಕಣೇ, ನಾಳೆ ಬೆಳಿಗ್ಗೇನೇ ವಾಪಸ್ ಕರೆಸ್ಕೋತಾಳೆ. ನೀನು ನಿಂತು ಮಾತಾಡೋದು ನೋಡ್ಬೇಕು."

ಇನ್ಹೇಲರನ್ನು ನನ್ನ ಕೈಗಿಟ್ಟಳು. "ಪ್ರದರ್ಶನ ಮುಗಿಯೋವರೆಗೂ ಹೇಳಲ್ಲ. ಆದ್ರೆ ಆ ಗಂಟು ನಂಗೆ ಕೊಡು."

ಗಂಟು ಬಿಚ್ಚಿ ಕೊಟ್ಟೆ. ಅವ್ವನೇ ಮೋಸ ಮಾಡಿದಳು ಅನ್ನಿಸಿತು; ಪಾಪ, ಅವಳ ಮೂಗೂ ಅವಳಿಗೆ ಅದನ್ನೇ ಹೇಳಿತ್ತೇನೋ.

ಮರುದಿನ ನನ್ನ ಕರ್ಪೂರ ಅವಳ ಮೇಜಿನ ಮೇಲೆ ಒಂದು ತಟ್ಟೆಯಲ್ಲಿತ್ತು. ಬಂದವರು ಉಸಿರಿನ ಜೋರು ಅಳೆಯುವ ಊದುಕೊಳವೆ ಊದುವರು, ಕರ್ಪೂರ ಮೂಸಿ "ಹಾ!" ಎಂದು ಕಣ್ಣರಳಿಸುವರು, ಮತ್ತೆ ಊದುವರು. ಕೊಳವೆಯ ಕೆಂಪು ಮುಳ್ಳು ಮೊದಲಿದ್ದಲ್ಲಿಗೇ ಬಂದು ನಿಲ್ಲುವುದು. ನಾನೂ ಊದಿ, ಮೂಸಿ, ಮತ್ತೆ ಊದಿದೆ. ಮುಳ್ಳು ಮೊದಲಿನಷ್ಟೇ. ಜನರ ನಡುವೆ ಬಿಳಿ ಕೋಟಿನ ನನ್ನ ಮಗು ಒಂದು ಕ್ಷಣವೂ ತಡವರಿಸಲಿಲ್ಲ. ಕಣ್ಣು ತುಂಬಿ ಬಂತು. ಒರೆಸಲು ಎತ್ತಿದ ಸೆರಗು ಕಣ್ಣಿಗೆ ಹೋಗದೆ ಮೂಗಿಗೆ ಹೋಯಿತು. ತುದಿ ಖಾಲಿಯಿತ್ತು.